ಫ್ರೀಬಿಎಸ್‌ಡಿ: ನೆಟ್‌ವರ್ಕ್ ಕಾರ್ಡ್ ಆಗಾಗ ಸಾಯುತ್ತಿದೆ, ಸ್ಪೀಡೂ ಇಲ್ಲ. ಗೊತ್ತಿದ್ದವರು ಹೇಳಿ

ಅಘನಾಶಿನಿ (ಕುಮಟಾ)
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ. ನನ್ನ ಕಂಪ್ಯೂಟರ್ ಪೆಟ್ಟಿಗೆಯಲ್ಲಿ ಇರುವ ಒಎಸ್ (ಆಪರೇಟಿಂಗ್ ಸಿಸ್ಟಮ್) ಫ್ರೀಬಿಎಸ್‌ಡಿ. ನೆಟ್‌ವರ್ಕ್ ಕಾರ್ಡ್ ಸುಮ್ನೆ ಸುಮ್ನೆ ಸಾಯುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಬದುಕುತ್ತದೆ. ದೊಡ್ಡ ಫೈಲ್ ಕಾಪಿಗೆ ಕೊಟ್ಟರೆ ಅರ್ಧಕ್ಕೆ ನಿಲ್ಲುತ್ತದೆ. ಓಡಿದಾಗಲೂ ಸೆಕೆಂಡಿಗೆ 11 ಎಂಬಿ ದಾಟುವುದಿಲ್ಲ. ಗಿಗಾಬಿಟ್ ಕಾರ್ಡ್ ಇದು! ಮೊದಲು ನೂರರ ಮೇಲೆ ಬರುತ್ತಿತ್ತು.

ಈ ಪೆಟ್ಟಿಗೆಯಲ್ಲಿ ಇರುವುದು ಯಕ್ಷಗಾನದ ರೆಕಾರ್ಡಿಂಗ್. ಬಡಗುತಿಟ್ಟಿನ ರಾತ್ರಿಯಿಡೀ ಆಟಗಳು. ಕೆಲವು ಹಳೆಯ ಕ್ಯಾಸೆಟ್‌ನಿಂದ ಇಳಿಸಿದ್ದು, ಆ ಕ್ಯಾಸೆಟ್‌ಗಳು ಈಗ ಬೂಸ್ಟು ಹಿಡಿದು ಹೋಗಿವೆ. ಮಳೆಗಾಲ ಶುರುವಾಗುವುದರೊಳಗೆ ಇನ್ನೊಂದು ಪ್ರತಿ ಮಾಡಿ ಹೊನ್ನಾವರದ ಗೆಳೆಯನ ಮನೆಯಲ್ಲಿ ಇಡಬೇಕು. ರೀಬೂಟ್ ಮಾಡಿ ಆಯಿತು, ಅಪ್‌ಡೇಟ್ ಮಾಡಿ ಆಯಿತು. ಇನ್ನೇನು ಮಾಡಲಿ?

ತೋಟದಮನೆ (ಶಿರಸಿ)
ಆರ್‌ಇ, ಅಂದರೆ ರಿಯಲ್‌ಟೆಕ್ ಕಾರ್ಡಿನ ಡ್ರೈವರ್ ಅಲ್ವಾ? ಹಾಗಾದರೆ ನೋಡುವುದೇ ಬೇಡ, ಡ್ರೈವರ್‌ದೇ ಕೆಲಸ. ಪೋರ್ಟ್ಸ್‌ನಲ್ಲಿ (ಫ್ರೀಬಿಎಸ್‌ಡಿಯ ಹೆಚ್ಚುವರಿ ಸಾಫ್ಟ್‌ವೇರ್ ಸಂಗ್ರಹ) ರಿಯಲ್‌ಟೆಕ್-ಆರ್‌ಇ-ಕೆಮಾಡ್ ಅಂತ ಇದೆ, ಅದನ್ನು ಹಾಕಿ. ಬೂಟ್ ಆಗುವಾಗಿನ ಸೆಟ್ಟಿಂಗ್ ಫೈಲ್ ಲೋಡರ್.ಕಾನ್ಫ್‌ನಲ್ಲಿ ಇಫ್_ಆರ್‌ಇ_ಲೋಡ್ ಸಾಲು ಸೇರಿಸಿ. ಅದರ ಕೆಳಗೆ ಇಫ್_ಆರ್‌ಇ_ನೇಮ್ ಅಂತ ಬರೆದು, ಬೂಟ್ ಫೋಲ್ಡರಿನ ಮಾಡ್ಯೂಲ್ಸ್ ಒಳಗಿರುವ ಫೈಲಿನ ಪೂರ್ತಿ ದಾರಿ ಕೊಡಿ. ಎರಡನೆಯ ಸಾಲು ಬಿಟ್ಟರೆ ಹಳೆಯ ಡ್ರೈವರೇ ಎದ್ದು ಕೂರುತ್ತದೆ. ರೀಬೂಟ್ ಮಾಡಿ.

ಕಾಳಿತೀರ (ಕಾರವಾರ)
ಚಿಪ್ ಯಾವುದು ಅಂತ ಅವರು ಇನ್ನೂ ಹೇಳಿಯೇ ಇಲ್ಲ ಮಾರಾಯ್ರೆ. ಅಘನಾಶಿನಿಯವರೇ, ಮೂರು ವಿಷಯ ಬೇಕು. ಪಿಸಿಐಕಾನ್ಫ್ ಕಮಾಂಡಿನಲ್ಲಿ ಕಾರ್ಡಿನ ಸಾಲು. ಐಎಫ್‌ಕಾನ್ಫಿಗ್ ಕಮಾಂಡಿನಲ್ಲಿ ಮೀಡಿಯಾ ಅಂತ ಇರುವ ಸಾಲು. ಕಾರ್ಡ್ ಸತ್ತ ಹೊತ್ತಿಗೆ ಡಿಮೆಸೇಜ್‌ನಲ್ಲಿ (ಕರ್ನಲ್‌ನ ಲಾಗ್) ಏನು ಬರುತ್ತದೆ ಅಂತ. ಇವಿಲ್ಲದೆ ಮಾತಾಡಿದರೆ ಎಲ್ಲರ ಸಮಯವೂ ಹಾಳು.

ಅಘನಾಶಿನಿ
ಫ್ರೀಬಿಎಸ್‌ಡಿ ಆವೃತ್ತಿ 14. ಬೋರ್ಡಿನಲ್ಲೇ ಇರುವ ಕಾರ್ಡ್, ಆರ್‌ಇ0, ಚಿಪ್ 8168 ಕುಟುಂಬದ್ದು. ಮೀಡಿಯಾ ಸಾಲಿನಲ್ಲಿ ಆಟೋಸೆಲೆಕ್ಟ್, ಪಕ್ಕದಲ್ಲಿ 100 ಬೇಸ್ ಟಿಎಕ್ಸ್ (100 ಮೆಗಾಬಿಟ್), ಫುಲ್ ಡ್ಯುಪ್ಲೆಕ್ಸ್. ಡಿಮೆಸೇಜ್‌ನಲ್ಲಿ ಲಿಂಕ್ ಸ್ಟೇಟ್ ಡೌನ್, ಲಿಂಕ್ ಸ್ಟೇಟ್ ಅಪ್, ಮತ್ತೆ ಡೌನ್, ಮತ್ತೆ ಅಪ್. ಪುಟಗಟ್ಟಲೆ ಅದೇ.

ತೋಟದಮನೆ
ನಾನು ಹೇಳಿದ್ದು ಸರಿಯಾಯಿತು ನೋಡಿ, ಆರ್‌ಇ. ಪೋರ್ಟ್ಸ್ ಡ್ರೈವರ್ ಹಾಕಿದ ಮೇಲೆ ಟಿಎಸ್‌ಒ ಮತ್ತು ಚೆಕ್‌ಸಮ್ ಆಫ್‌ಲೋಡ್ (ಪ್ಯಾಕೆಟ್ಟಿನ ಕೆಲಸವನ್ನು ಕಾರ್ಡಿಗೇ ವಹಿಸುವುದು) ಎರಡೂ ತೆಗೆಯಿರಿ. ಅದಕ್ಕೂ ಬಗ್ಗದಿದ್ದರೆ ಮೊದಲಿನ ಡ್ರೈವರಿಗೆ ಮರಳಿ, ಎಂಎಸ್‌ಐ ಇಂಟರಪ್ಟ್ (ಕಾರ್ಡ್ ಪ್ರೊಸೆಸರನ್ನು ಕರೆಯುವ ಒಂದು ವಿಧಾನ) ಬಂದ್ ಮಾಡಿ. ಅದಕ್ಕೆ ಲೋಡರ್‌ನಲ್ಲೇ ಗುಂಡಿ ಇದೆ.

ಕಾಳಿತೀರ
ಭಾವ, ಡ್ರೈವರ್ ಸಿಕ್ಕಿಬಿದ್ದಾಗ ಸಾಮಾನ್ಯವಾಗಿ ವಾಚ್‌ಡಾಗ್ ಟೈಮ್‌ಔಟ್ ಅಂತ ಸಾಲು ಬರುತ್ತದೆ. ಇವರ ಲಾಗ್‌ನಲ್ಲಿ ಅದು ಒಂದೂ ಇಲ್ಲ. ಇರುವುದು ಬರೀ ಲಿಂಕ್ ಹೋಗುವುದು, ಬರುವುದು. ಅದೂ ಗಿಗಾಬಿಟ್ ಬದಲು 100ಕ್ಕೆ ಬಂದು ನಿಂತಿದೆ. ಲಿಂಕ್ 100 ಮೆಗಾಬಿಟ್ ಇದ್ದರೆ, 8 ಬಿಟ್‌ಗೆ ಒಂದು ಬೈಟ್ ಲೆಕ್ಕದಲ್ಲಿ, ತಂತಿಯಲ್ಲಿ ಸೆಕೆಂಡಿಗೆ 12.5 ಎಂಬಿಗಿಂತ ಜಾಸ್ತಿ ಹೋಗಲು ಸಾಧ್ಯವೇ ಇಲ್ಲ. ಅವರಿಗೆ ಸಿಗುತ್ತಿರುವ 11 ಅಲ್ಲಿಂದ ಬಂದದ್ದು.

ತೋಟದಮನೆ
ಡ್ರೈವರ್ ಸರಿ ಇಲ್ಲದಿದ್ದರೂ 100ಕ್ಕೆ ಇಳಿಯಬಹುದು. ಮೊದಲು ಹಾಕಿ ನೋಡಲಿ, ಆಮೇಲೆ ವಾದ.

ಗಂಗಾವಳಿ_ಅಂಕೋಲಾ
ಇಷ್ಟೆಲ್ಲ ಒದ್ದಾಡುವ ಬದಲು ಲಿನಕ್ಸ್ ಹಾಕಿ. ಈ ಚಿಪ್ಪಿನ ಡ್ರೈವರ್ ಆರ್8169 ಕರ್ನಲ್‌ನಲ್ಲೇ ಇದೆ, ಎತ್‌ಟೂಲ್ ಅನ್ನುವ ಕಮಾಂಡ್ ಒಂದಿದ್ದರೆ ಕಾರ್ಡಿನ ಜಾತಕ ಪೂರ್ತಿ ಸಿಗುತ್ತದೆ.

ಸಹ್ಯಾದ್ರಿ_ಪಿಎಫ್ (ಯಲ್ಲಾಪುರ)
ಲಿನಕ್ಸ್‌ನಲ್ಲೂ ಅದೇ ಚಿಪ್ಪಿಗೆ ಆರ್8168 ಅಂತ ಬೇರೆ ಡ್ರೈವರ್ ಹುಡುಕಿ ಹಾಕುವವರು ಬೇಕಾದಷ್ಟು ಜನ ಇದ್ದಾರೆ. ಒಎಸ್ ಬದಲಿಸಿ ಅನ್ನುವುದು ಉತ್ತರ ಅಲ್ಲ.

ಗಂಗಾವಳಿ_ಅಂಕೋಲಾ
ನಾನು ಒಳ್ಳೆಯದಕ್ಕೇ ಹೇಳಿದ್ದು. ಎತ್‌ಟೂಲ್‌ನಲ್ಲಿ ಕೇಬಲ್ ಟೆಸ್ಟ್ ಕೂಡ ಇದೆ, ಕೆಲವು ಕಾರ್ಡಿನಲ್ಲಿ ಯಾವ ಜೋಡಿ ತುಂಡಾಗಿದೆ ಅಂತಲೂ ತೋರಿಸುತ್ತದೆ. ಇಲ್ಲಿ ಅಂಥದ್ದು ಇದೆಯಾ?

ಅಘನಾಶಿನಿ
ದಯವಿಟ್ಟು ಜಗಳ ಬೇಡ. ಡಿಸ್ಕ್‌ಗಳು ಝಡ್‌ಎಫ್‌ಎಸ್ ಫೈಲ್ ಸಿಸ್ಟಮ್‌ನ ಮಿರರ್‌ನಲ್ಲಿವೆ, ಎರಡನೆಯ ಪ್ರತಿ ಆಗುವವರೆಗೆ ಒಎಸ್ ಮುಟ್ಟುವುದಿಲ್ಲ. ಪೋರ್ಟ್ಸ್ ಡ್ರೈವರ್ ಹಾಕಿದೆ, ಆಫ್‌ಲೋಡ್ ತೆಗೆದೆ, ಎಂಎಸ್‌ಐ ಬಂದ್ ಮಾಡಿದೆ. ಒಂದೂ ಉಪಯೋಗಕ್ಕೆ ಬರಲಿಲ್ಲ. ಇಂಟೆಲ್ ಕಾರ್ಡ್ ಹಾಕಿದರೂ ಹೀಗೇ ಆಗಿತ್ತಲ್ಲ, ಈಗ ಬೋರ್ಡ್ ಬದಲಿಸಬೇಕಾ?

ಕಾಳಿತೀರ
ಒಂದು ನಿಮಿಷ. ಇಂಟೆಲ್ ಕಾರ್ಡ್ ಯಾವಾಗ ಹಾಕಿದಿರಿ?

ಅಘನಾಶಿನಿ
ಇಲ್ಲಿ ಬರೆಯುವುದಕ್ಕೆ ಮೊದಲೇ. ಹಳೆಯ ಮಷೀನಿನಲ್ಲಿ ಒಂದಿತ್ತು. ಆರ್‌ಸಿ.ಕಾನ್ಫ್ ಸೆಟ್ಟಿಂಗ್ ಫೈಲಿನಲ್ಲಿ ಆ ಕಾರ್ಡಿನ ಇಎಮ್0 ಹೆಸರಿಗೆ ಡಿಎಚ್‌ಸಿಪಿ ಸಾಲು ಸೇರಿಸಿದ ಮೇಲೆ ಐಪಿ ಬಂತು. ಆಮೇಲೆ ಇದೇ ಕಥೆ. ಲಿಂಕ್ ಡೌನ್, ಅಪ್, ಕೊನೆಗೆ 100.

ಕಾಳಿತೀರ
ಇದೇ ಮುಖ್ಯ ವಿಷಯ! ಬೇರೆ ಕಂಪನಿಯ ಚಿಪ್, ಬೇರೆ ಡ್ರೈವರ್, ರೋಗ ಮಾತ್ರ ಅದೇ. ಅಂದರೆ ಕಾರ್ಡಿನಿಂದ ಆಚೆ ನೋಡಬೇಕು.

ಗಿಗಾಬಿಟ್‌ಗೆ ಕೇಬಲ್ಲಿನ ನಾಲ್ಕೂ ಜೋಡಿ ತಂತಿ ಬೇಕು. 100ಕ್ಕೆ ಎರಡೇ ಜೋಡಿ ಸಾಕು: ಪ್ಲಗ್ಗಿನ ಪಿನ್ 1-2 ಮತ್ತು 3-6. ಆಟೋಸೆಲೆಕ್ಟ್, ಅಂದರೆ ವೇಗ ಎಷ್ಟು ಅಂತ ಎರಡೂ ತುದಿ ಮಾಡಿಕೊಳ್ಳುವ ಮಾತುಕತೆ, ನಡೆಯುವುದೂ ಆ ಎರಡು ಜೋಡಿಯ ಮೇಲೆಯೇ. ಈಗ 4-5 ಅಥವಾ 7-8ರಲ್ಲಿ ಒಂದು ಜೋಡಿ ಸರಿಯಾಗಿ ತಾಗುತ್ತಿಲ್ಲ ಅಂದುಕೊಳ್ಳಿ. ಮಾತುಕತೆ ಚೆನ್ನಾಗಿಯೇ ನಡೆದು, ಎರಡು ಕಡೆಯವರೂ 1000 ಅಂತ ಒಪ್ಪುತ್ತಾರೆ. ನಾಲ್ಕೂ ಜೋಡಿ ಬಳಸಲು ಹೊರಟಾಗ ಒಂದು ಸಿಗುವುದಿಲ್ಲ. ಲಿಂಕ್ ಬೀಳುತ್ತದೆ. ಮತ್ತೆ ಮಾತುಕತೆ, ಮತ್ತೆ ಬೀಳುವುದು. ಸಾಕಾಗಿ ಹಲವು ಚಿಪ್‌ಗಳು ತಾವಾಗಿಯೇ 100ಕ್ಕೆ ಇಳಿಯುತ್ತವೆ. ನಿಮ್ಮ ಲಾಗ್‌ನಲ್ಲಿ ಕಾಣುವುದು ಇದೇ.

ಕೇಬಲ್ ಯಾವುದು, ಎಲ್ಲಿಂದ ಎಲ್ಲಿಗೆ ಹೋಗಿದೆ? ಮಧ್ಯೆ ಏನೇನಿದೆ?

ತೋಟದಮನೆ
ಹಾಗಿದ್ದರೆ ಕೈಯಿಂದಲೇ 1000 ಫುಲ್ ಡ್ಯುಪ್ಲೆಕ್ಸ್ ಅಂತ ಕಟ್ಟಿಹಾಕಿ. ಐಎಫ್‌ಕಾನ್ಫಿಗ್‌ನಲ್ಲಿ ಮೀಡಿಯಾ ಕೊಟ್ಟರೆ ಆಯಿತು, ಇಳಿಯುವುದೇ ಇಲ್ಲ.

ಕಾಳಿತೀರ
ಅದನ್ನು ಮಾತ್ರ ಮಾಡಬೇಡಿ. ತಾಮ್ರದ ತಂತಿಯ ಗಿಗಾಬಿಟ್‌ನಲ್ಲಿ ಆಟೋ ಮಾತುಕತೆ ಕಡ್ಡಾಯ. ಎರಡು ತುದಿಯಲ್ಲಿ ಯಾರು ಗಡಿಯಾರ ನಡೆಸಬೇಕು ಅನ್ನುವುದೂ ಅಲ್ಲೇ ತೀರ್ಮಾನವಾಗುತ್ತದೆ. ಇನ್ನು 100 ಫುಲ್ ಅಂತ ಒಂದೇ ಕಡೆ ಕಟ್ಟಿದರೆ ಇನ್ನೊಂದು ಕಡೆಯ ಸ್ವಿಚ್ ಹಾಫ್ ಡ್ಯುಪ್ಲೆಕ್ಸ್‌ಗೆ (ಒಂದು ಸಲಕ್ಕೆ ಒಂದೇ ದಿಕ್ಕು) ಹೋಗುತ್ತದೆ. ಪಿಂಗ್ ಚೆನ್ನಾಗಿರುತ್ತದೆ, ಕಾಪಿ ಶುರು ಮಾಡಿದರೆ ಪ್ರಾಣ ಹೋಗುತ್ತದೆ.

ಸಹ್ಯಾದ್ರಿ_ಪಿಎಫ್
ಅದಕ್ಕೇ ನಾನು ಮನೆಯಲ್ಲಿ ಎಲ್ಲ ಪೋರ್ಟನ್ನೂ ಆಟೋದಲ್ಲೇ ಬಿಟ್ಟಿದ್ದೇನೆ. ನಾಲ್ಕು ಪೋರ್ಟಿನ ಫ್ಯಾನ್ ಇಲ್ಲದ ಪುಟ್ಟ ಪೆಟ್ಟಿಗೆ, ಮೇಲೆ ಓಪನ್‌ಬಿಎಸ್‌ಡಿ ಒಎಸ್, ಅದರದೇ ಪಿಎಫ್ ಫೈರ್‌ವಾಲ್. 12 ವೋಲ್ಟ್ ಸೋಲಾರ್ ಬ್ಯಾಟರಿಯಿಂದ ನೇರ ಕರೆಂಟ್. ಮಳೆಗಾಲದಲ್ಲಿ ಊರಿಗೆ ಊರೇ ಕತ್ತಲಾದರೂ ನಮ್ಮ ರೌಟರ್ ಓಡುತ್ತಿರುತ್ತದೆ.

ಗಂಗಾವಳಿ_ಅಂಕೋಲಾ
ಬ್ಯಾಟರಿ ಯಾವುದು, ಟ್ಯೂಬ್ಯುಲರ್ರಾ? ಎಷ್ಟು ಎಎಚ್? ಮಧ್ಯೆ ರೆಗ್ಯುಲೇಟರ್ ಹಾಕಿದ್ದೀರಾ? ಚಾರ್ಜ್ ಆಗುವಾಗ 14 ವೋಲ್ಟ್ ದಾಟುತ್ತದಲ್ಲ.

ಸಹ್ಯಾದ್ರಿ_ಪಿಎಫ್
ಹಾಕಿದ್ದೇನೆ. ಫೋಟೋ ಕಳಿಸುತ್ತೇನೆ.

ಅಘನಾಶಿನಿ
ಕೇಬಲ್ ಹೊಸದು, ಮನೆ ರಿಪೇರಿ ಮಾಡಿಸಿದಾಗ ಎಳೆಸಿದ್ದು. ಸ್ವಿಚ್ ಇರುವುದು ಜಗಲಿಯಲ್ಲಿ, ಪೆಟ್ಟಿಗೆ ಮೆತ್ತಿನ ಮೇಲೆ. ಎರಡೂ ಕಡೆ ಗೋಡೆಯಲ್ಲಿ ಸಾಕೆಟ್. ಜಗಲಿ ಸಮುದ್ರದ ಕಡೆಗೆ, ಗಾಳಿ ನೇರ ಬಡಿಯುತ್ತದೆ.

ಕಾಳಿತೀರ
ಪೆಟ್ಟಿಗೆಯನ್ನು ಕೆಳಗೆ ತನ್ನಿ. ಗೋಡೆ ಬಿಟ್ಟು, ಗಿಡ್ಡ ಪ್ಯಾಚ್ ಕೇಬಲ್ಲಿನಲ್ಲಿ ನೇರ ಸ್ವಿಚ್ಚಿಗೆ ಹಾಕಿ. ವೇಗ ಅಳೆಯುವ ಐಪರ್ಫ್3 ಓಡಿಸಿ. ಜಗಲಿಯ ಸಾಕೆಟ್ ಬಿಚ್ಚಿ ಫೋಟೋ ಹಾಕಿ. ಕಾರವಾರದಲ್ಲಿ ನಾನು ಬಿಚ್ಚಿದ ಸಾಕೆಟ್‌ಗಳಲ್ಲಿ ಕಡಲಿನ ಕಡೆ ಇರುವವು ಬೇಗ ಹಸಿರುಗಟ್ಟುತ್ತವೆ. ಉಪ್ಪಿನ ತೇವ ತಾಮ್ರವನ್ನು ಬಿಡುವುದಿಲ್ಲ.

ಅಘನಾಶಿನಿ
ಗಿಡ್ಡ ಕೇಬಲ್ಲಿನಲ್ಲಿ ತಕ್ಷಣ 1000 ಬಂತು! ಐಪರ್ಫ್3ರಲ್ಲಿ 940 ಮೆಗಾಬಿಟ್. ಬೋರ್ಡಿನ ಕಾರ್ಡಿನಲ್ಲೂ ಅಷ್ಟೇ, ಇಂಟೆಲ್‌ನಲ್ಲೂ ಅಷ್ಟೇ. ಜಗಲಿಯ ಸಾಕೆಟ್ ಬಿಚ್ಚಿದೆ. ಕಂದು ಜೋಡಿ, ಅಂದರೆ 7-8, ಹಾಕಿದ ಕಡೆ ಪೂರ್ತಿ ಹಸಿರು, ಕಂದು ತಂತಿ ಬೆರಳು ತಾಗಿಸಿದರೆ ಕೈಗೆ ಬಂತು. ತುದಿ ಕೆರೆದರೆ ಒಳಗೆ ಬೆಳ್ಳಗಿದೆ. ತಾಮ್ರ ಹೀಗಿರುತ್ತದಾ?

ಕಾಳಿತೀರ
ಇರುವುದಿಲ್ಲ. ಅದು ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ ಅಷ್ಟೇ. ಸಿಸಿಎ ಅನ್ನುತ್ತಾರೆ. ಬೇಗ ಮುರಿಯುತ್ತದೆ, ಉಪ್ಪುಗಾಳಿಯಲ್ಲಿ ಇನ್ನೂ ಬೇಗ. ಪೂರ್ತಿ ತಾಮ್ರದ ಕ್ಯಾಟ್6 ಎಳೆಸಿ. ಅಲ್ಲಿಯವರೆಗೆ ಪೆಟ್ಟಿಗೆ ಕೆಳಗೇ ಇರಲಿ, ಕಾಪಿ ಮುಗಿಸಿಬಿಡಿ. ರೆಕಾರ್ಡಿಂಗ್ ಮೊದಲು, ಗೋಡೆ ಆಮೇಲೆ.

ಹೊಸ ಸಾಕೆಟ್ ಹಾಕುವಾಗ ತಂತಿಯ ಹೆಣಿಗೆ ಜಾಸ್ತಿ ಬಿಚ್ಚಬೇಡಿ, 13 ಮಿಲಿಮೀಟರ್ ಒಳಗೇ ಇರಲಿ. ಪಂಚಿಂಗ್ ಟೂಲ್‌ನಲ್ಲೇ ಒತ್ತಿ, ಸ್ಕ್ರೂಡ್ರೈವರ್ ಬೇಡ. ಎರಡೂ ತುದಿಗೆ ಒಂದೇ ಬಣ್ಣದ ಕ್ರಮ. ಸಾಧ್ಯವಾದರೆ ಸಾಕೆಟ್ಟನ್ನು ಜಗಲಿಯಿಂದ ಒಳಗೋಡೆಗೆ ತನ್ನಿ.

ಬನವಾಸಿ_ರಸ್ತೆ (ಶಿರಸಿ)
ನಡುವೆ ಬಂದೆ, ಕ್ಷಮಿಸಿ. ನನ್ನದೂ ಇಂಥದ್ದೇ. ಮೊನ್ನೆಯ ಸಿಡಿಲಿನ ಮೇಲೆ ಲೈಟ್ ಉರಿಯುತ್ತದೆ, ಐಪಿ ಬರುವುದಿಲ್ಲ. ಇಂಟರ್ನೆಟ್ ಫೈಬರ್‌ನಲ್ಲಿ ಬರುವುದು, ಸಿಡಿಲು ಹೇಗೆ ಬಂತು?

ಕಾಳಿತೀರ
ಗಾಜಿನ ಫೈಬರಿನೊಳಗೆ ಕರೆಂಟ್ ಹರಿಯುವುದಿಲ್ಲ. ಆದರೆ ಮೋಡೆಮ್‌ನ ಅಡಾಪ್ಟರ್ ಕರೆಂಟ್ ಲೈನಿಗೆ ತಾಗಿದೆ, ಅಲ್ಲಿಂದ ನಿಮ್ಮ ಕಾರ್ಡಿಗೆ ತಾಮ್ರವೇ. ಮನೆಯಿಂದ ಕೊಟ್ಟಿಗೆಗೋ ಔಟ್‌ಹೌಸಿಗೋ ಕೇಬಲ್ ಎಳೆದಿದ್ದರೆ ಅದೂ ಒಂದು ದಾರಿ. ಮೋಡೆಮ್‌ನ ಬೇರೆ ಪೋರ್ಟಿಗೆ ಹಾಕಿ ನೋಡಿ. ನೆಟ್‌ಸ್ಟಾಟ್‌ನಲ್ಲಿ ಒಳಬರುವ ಎರರ್ ಏರುತ್ತಿದೆಯಾ? ಯಾವ ಒಎಸ್?

ತೋಟದಮನೆ
ಬನವಾಸಿ ರಸ್ತೆಯವರೇ, ಹೊಸ ಚರ್ಚೆ ತೆರೆಯಿರಿ, ಇಲ್ಲಿ ಬೆರೆತು ಹೋಗುತ್ತದೆ. ಅಘನಾಶಿನಿಯವರೇ, ಕೇಬಲ್ ಸರಿಯಾದರೂ ಪೋರ್ಟ್ಸ್ ಡ್ರೈವರ್ ತೆಗೆಯಬೇಡಿ. ರಾತ್ರಿಯಿಡೀ ಕಾಪಿ ಓಡುವಾಗ ಅದೇ ಗಟ್ಟಿ.

ಅಘನಾಶಿನಿ
ಡ್ರೈವರ್ ಮೊದಲಿನದಕ್ಕೇ ಮರಳಿಸಿದೆ, ಎರರ್ ಸೊನ್ನೆ ಇದೆ. ಕಾಪಿ ಓಡುತ್ತಿದೆ, ಸೆಕೆಂಡಿಗೆ 108 ಎಂಬಿ. ಎಲ್ಲರಿಗೂ ಧನ್ಯವಾದ. ಕುಮಟಾ, ಹೊನ್ನಾವರದ ಕಡೆ ಪೂರ್ತಿ ತಾಮ್ರದ ಕೇಬಲ್ ಮೀಟರ್ ಲೆಕ್ಕದಲ್ಲಿ ಕೊಡುವವರು ಯಾರಾದರೂ ಇದ್ದಾರಾ? 305 ಮೀಟರಿನ ಪೂರ್ತಿ ಪೆಟ್ಟಿಗೆ ನನಗೆ ಜಾಸ್ತಿಯಾಗುತ್ತದೆ.