ಅಪ್‌ಡೇಟ್: ನವೋದಯವೋ, ಆದರ್ಶ ವಿದ್ಯಾಲಯವೋ ಎಂದು ಕೇಳಿದ್ದೆ

ಐದನೇ ತರಗತಿ ಮುಗಿಸಿದ, ಪಾಠಕ್ಕಿಂತ ಸದಾ ಮುಂದಿರುವ ಮಗಳನ್ನು ವಸತಿ ಶಾಲೆಯಾದ ಜವಾಹರ್ ನವೋದಯ ವಿದ್ಯಾಲಯಕ್ಕೆ ಕಳುಹಿಸಬೇಕೋ, ತಾಲ್ಲೂಕಿನ ಆದರ್ಶ ವಿದ್ಯಾಲಯಕ್ಕೆ ಸೇರಿಸಿ ಮನೆಯಲ್ಲೇ ಇಟ್ಟುಕೊಳ್ಳಬೇಕೋ ಎಂದು ಎರಡು ವಾರಗಳ ಹಿಂದೆ ಕೇಳಿದ್ದೆ. ಎರಡೂ ಕಡೆ ಆಯ್ಕೆಯಾಗಿದ್ದ ಅವಳು ಕಳೆದ ಸೋಮವಾರ ನವೋದಯಕ್ಕೆ ಸೇರಿದಳು.

ಹತ್ತನೇ ತರಗತಿಯ ಫಲಿತಾಂಶ ಹೋಲಿಸಿ ನೋಡಿ ಎಂಬ ಸಲಹೆಯಿಂದ ಪ್ರಯೋಜನವಾಗಲಿಲ್ಲ; ಎರಡೂ ಕಡೆ ಚೆನ್ನಾಗಿಯೇ ಇತ್ತು. ಕೆಲಸಕ್ಕೆ ಬಂದದ್ದು, ಮಗುವಿಗೆ ಮೊದಲು ಹಾಸ್ಟೆಲ್ ತೋರಿಸಿ, ಅಲ್ಲಿನ ಮಕ್ಕಳೊಂದಿಗೆ ಮಾತನಾಡಲು ಬಿಟ್ಟು ನೀವು ದೂರ ನಿಲ್ಲಿ ಎಂದವರ ಮಾತು. ಸೊನ್ನೆಗಿಂತ ಚಿಕ್ಕ ಸಂಖ್ಯೆ ಇರುತ್ತದೆಯೇ ಎಂದು ಮಗಳು ಕೇಳಿದ್ದಕ್ಕೆ ಎಂಟನೇ ತರಗತಿಯ ಹುಡುಗಿಯೊಬ್ಬಳು ತನ್ನ ತಗಡಿನ ಟ್ರಂಕಿನ ಮೇಲೆಯೇ ಸೀಮೆಸುಣ್ಣದಿಂದ ಗೆರೆ ಎಳೆದು ವಿವರಿಸಿದಳು. ಬಸ್ಸಿನಲ್ಲಿ ಮರಳುವಾಗ ಮಗಳೇ, “ಅಪ್ಪಾ, ನಾನು ಅಲ್ಲೇ ಓದ್ತೀನಿ” ಎಂದಳು. ಅವಳಮ್ಮ ಆ ರಾತ್ರಿ ಊಟ ಮಾಡಲಿಲ್ಲ.

ನಮಗೆ ಗೊತ್ತೇ ಇರದಿದ್ದ ಸಂಗತಿಯೊಂದಿದೆ: ಒಂಬತ್ತನೇ ತರಗತಿಯಲ್ಲಿ ಶೇ. 30ರಷ್ಟು ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಬೇರೆ ಭಾಷೆಯ ಪ್ರದೇಶದ ನವೋದಯಕ್ಕೆ ಕಳುಹಿಸುವ ಪದ್ಧತಿಯಿದೆ. ಇದನ್ನು ಮಗುವಿಗೆ ಈಗಲೇ ಹೇಳಿಡಿ.

ಮುಂದೆ ಪರೀಕ್ಷೆ ಬರೆಸುವವರು ಗಮನಿಸಬೇಕು: ನವೋದಯದ ಆರನೇ ತರಗತಿಯ ಪ್ರವೇಶ ಪರೀಕ್ಷೆಗೆ ಒಮ್ಮೆ ಮಾತ್ರ ಅವಕಾಶ, 2 ಗಂಟೆಗಳ 80 ಪ್ರಶ್ನೆಗಳಲ್ಲಿ 40 ಮಾನಸಿಕ ಸಾಮರ್ಥ್ಯಕ್ಕೆ ಸೇರಿದವು, ಕನ್ನಡದಲ್ಲಿಯೂ ಬರೆಯಬಹುದು.