ಮಾತ್ರೆ ನುಂಗಿದರೂ ಏರದ ಹಿಮೋಗ್ಲೋಬಿನ್: ಅನುಭವ ಇದ್ದವರು ತಿಳಿಸಿ

ಪ್ರಶ್ನೆ (ದಾವಣಗೆರೆಯಿಂದ): ಮಗಳಿಗೆ 20 ವರ್ಷ. ರಕ್ತದಾನಕ್ಕೆ ಹೋದವಳನ್ನು ರಕ್ತ ಕಡಿಮೆಯಿದೆ ಎಂದು ವಾಪಸ್ಸು ಕಳಿಸಿದರು. ಮೂರು ತಿಂಗಳು ಕಬ್ಬಿಣದ ಮಾತ್ರೆ, ಜೊತೆಗೆ ಖರ್ಜೂರ, ನುಗ್ಗೆಸೊಪ್ಪು ಎಲ್ಲವೂ ಆಯಿತು. 10.6 ಇದ್ದ ಹಿಮೋಗ್ಲೋಬಿನ್ 10.8ಕ್ಕೆ ಬಂದು ನಿಂತಿದೆ. ವರದಿಯಲ್ಲಿ ಎಂ.ಸಿ.ವಿ. 64, ಕೆಂಪುಕಣಗಳ ಎಣಿಕೆ 5.6 ಎಂದಿದೆ. ಮುಂದೆ ಯಾವ ಪರೀಕ್ಷೆ ಮಾಡಿಸಲಿ?

ಹುಬ್ಬಳ್ಳಿಯಿಂದ: ಅಕ್ಕಾ, ನಿಮ್ಮ ಅಂಕಿಗಳನ್ನು ನೋಡಿ ನನ್ನದೇ ಹಳೆಯ ವರದಿ ತೆರೆದಂತಾಯಿತು. ಹದಿನಾರರಿಂದ ಇಪ್ಪತ್ತೇಳರವರೆಗೆ ನಾನು ನುಂಗಿದ ಕಬ್ಬಿಣಕ್ಕೆ ಲೆಕ್ಕವಿಲ್ಲ. ಯಾರೂ ಹಿಮೋಗ್ಲೋಬಿನ್ ಸಾಲಿನಿಂದ ಕೆಳಗೆ ಕಣ್ಣು ಹಾಯಿಸಿರಲಿಲ್ಲ. ಬಸುರಿಯಾದಾಗ ಒಬ್ಬ ವೈದ್ಯೆ ಕೆಳಗಿನ ಸಾಲುಗಳನ್ನೂ ಓದಿದರು. ಎಂ.ಸಿ.ವಿ. ಅಂದರೆ ಕಣದ ಗಾತ್ರ; 80ರಿಂದ 100 ಇರಬೇಕು. ಕಬ್ಬಿಣ ಸಾಲದಿದ್ದರೆ ಕಣಗಳು ಚಿಕ್ಕವಾಗುತ್ತವೆ, ಸಾಮಾನ್ಯವಾಗಿ ಎಣಿಕೆಯೂ ಇಳಿಯುತ್ತದೆ. ನನ್ನಲ್ಲಿ ಕಣ ಚಿಕ್ಕದು, ಎಣಿಕೆ ಮಾತ್ರ ಜಾಸ್ತಿ. ಗಾತ್ರವನ್ನು ಎಣಿಕೆಯಿಂದ ಭಾಗಿಸಿ, 13ಕ್ಕಿಂತ ಕಡಿಮೆ ಬಂದರೆ ಥಲಸ್ಸೀಮಿಯಾ ಎಂಬ, ಹೆತ್ತವರಿಂದ ಬರುವ ರಕ್ತದ ಕಾಯಿಲೆಯ ವಾಹಕರಿರಬಹುದೆಂದು ಅನುಮಾನಿಸುತ್ತಾರಂತೆ. ನಿಮ್ಮ ಮಗಳದು 11.4. ಇದು ಬರೀ ಸುಳಿವು, ಖಚಿತಪಡಿಸಲು ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್.ಪಿ.ಎಲ್.ಸಿ. ಪರೀಕ್ಷೆ ಬೇಕು. ಅದರಲ್ಲಿ ಹಿಮೋಗ್ಲೋಬಿನ್ ಎ2 ಎಂಬ ಬಗೆ ನನಗೆ ಶೇಕಡಾ 5.2 ಇತ್ತು, ಸಾಮಾನ್ಯವಾಗಿ 3.5 ದಾಟಬಾರದು. ಅದೇ ವಾರ ಗಂಡನಿಗೂ ಪರೀಕ್ಷೆ ಮಾಡಿಸಿದರು, ಏಕೆಂದರೆ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ತೀವ್ರ ಥಲಸ್ಸೀಮಿಯಾ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅವರದು ಸರಿಯಿತ್ತು. ಆ ನಾಲ್ಕು ದಿನ ನಾನು ನಿದ್ದೆ ಮಾಡಿಲ್ಲ. ಮದುವೆಗೆ ಮುಂಚೆಯೇ ಗೊತ್ತಿದ್ದರೆ ಆ ಗೋಳು ಇರುತ್ತಿರಲಿಲ್ಲ.

ಹಾಸನದಿಂದ, ಪ್ರಯೋಗಾಲಯದ ತಂತ್ರಜ್ಞೆ: ಮೇಲಿನವರು ಹೇಳಿದ್ದು ಸರಿ, ಆದರೆ ಜೊತೆಯಲ್ಲೇ ದೇಹದಲ್ಲಿರುವ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಿ. ಕಬ್ಬಿಣ ತೀರಾ ಕಡಿಮೆಯಿದ್ದರೆ ಎ2 ಸ್ವಲ್ಪ ಇಳಿದು ವಾಹಕತನ ಮರೆಯಾಗಬಹುದು. ಎರಡೂ ಒಟ್ಟಿಗೆ ಇರುವವರೂ ಇದ್ದಾರೆ, ಹಾಗಾಗಿ ಮಾತ್ರೆ ಬೇಕೋ ಬೇಡವೋ ಎಂಬುದನ್ನು ವೈದ್ಯರೇ ಹೇಳಲಿ. ಜ್ವರ, ಸೋಂಕು ಇರುವಾಗ ಫೆರಿಟಿನ್‌ಗೆ ರಕ್ತ ಕೊಡಬೇಡಿ. ಆಗ ಅದು ಸುಳ್ಳಾಗಿ ಏರುತ್ತದೆ. ಇತ್ತೀಚೆಗೆ ರಕ್ತ ಏರಿಸಿಕೊಂಡಿದ್ದರೆ ಅದನ್ನೂ ತಿಳಿಸಿ, ಇಲ್ಲದಿದ್ದರೆ ಎಚ್.ಪಿ.ಎಲ್.ಸಿ.ಯಲ್ಲಿ ದಾನಿಯ ರಕ್ತವೂ ಬೆರೆತು ಕಾಣುತ್ತದೆ.

ಉಡುಪಿಯಿಂದ: ನನ್ನದು ಬೇರೆಯೇ ಕಥೆ. ಹಿಮೋಗ್ಲೋಬಿನ್ 9, ಎಂ.ಸಿ.ವಿ. 88. ಗಾತ್ರ ಸರಿಯಿದೆಯಲ್ಲ ಎಂದು ಆರು ತಿಂಗಳು ಸುಮ್ಮನಿದ್ದೆವು. ಕಣಗಳ ಗಾತ್ರ ಎಷ್ಟು ಏರುಪೇರಾಗಿದೆ ಎಂದು ತೋರಿಸುವ ಆರ್.ಡಿ.ಡಬ್ಲ್ಯೂ. ಮಾತ್ರ 21, 15ರೊಳಗೆ ಇರಬೇಕಿತ್ತು. ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಗೊತ್ತಾಯಿತು: ಕೆಲವು ಕಣ ತೀರಾ ಸಣ್ಣ, ಕೆಲವು ತೀರಾ ದೊಡ್ಡ, ಸರಾಸರಿ ಮಾತ್ರ ಚೊಕ್ಕ! ಶುದ್ಧ ಸಸ್ಯಾಹಾರಿ, ಹಾಲು ಮೊಸರೂ ಅಷ್ಟಕ್ಕಷ್ಟೆ. ಕಬ್ಬಿಣವೂ ಬಿ12 ಜೀವಸತ್ವವೂ ಎರಡೂ ಕಡಿಮೆ. ಪಾದ ಜೋಮು ಹಿಡಿಯುತ್ತಿದ್ದುದನ್ನು ವಯಸ್ಸಿನ ತಲೆಗೆ ಕಟ್ಟಿದ್ದೆ. ಬಿ12 ನೋಡದೆ ಬರೀ ಫೋಲಿಕ್ ಆಮ್ಲ ನುಂಗಬೇಡಿ. ರಕ್ತ ಸುಧಾರಿಸಿದಂತೆ ಕಂಡರೂ ನರಕ್ಕೆ ಆಗುವ ಹಾನಿ ನಿಲ್ಲುವುದಿಲ್ಲ.

ದಾವಣಗೆರೆಯಿಂದ, ಹತ್ತು ದಿನಗಳ ನಂತರ: ಫೆರಿಟಿನ್ 62, ಅಂದರೆ ಕಬ್ಬಿಣ ಸಾಕಷ್ಟಿದೆ; ಎ2 5.4. ವಾಹಕಳೇ. ವೈದ್ಯರು ಕಬ್ಬಿಣ ನಿಲ್ಲಿಸಿದರು, ಬೇರೆ ಚಿಕಿತ್ಸೆ ಬೇಡವೆಂದರು, ಅವಳ ತಮ್ಮನಿಗೂ ಪರೀಕ್ಷೆ ಮಾಡಿಸಿ ಎಂದರು. ಇವಳಿಗೆ ಇದು ನಮ್ಮಿಬ್ಬರಲ್ಲಿ ಒಬ್ಬರಿಂದ ಬಂದದ್ದಂತೆ. ನಾಳೆ ನಾನೂ ಯಜಮಾನರೂ ರಕ್ತ ಕೊಡಲು ಹೋಗುತ್ತಿದ್ದೇವೆ. ಅವರ ಮನೆ ಕಡೆಯದೆಂದು ನಾನು, ನಮ್ಮ ಮನೆ ಕಡೆಯದೆಂದು ಅವರು ಆಗಲೇ ಪಂದ್ಯ ಕಟ್ಟಿದ್ದಾಗಿದೆ.