ಸೂಪರ್‌ಹೀರೋ ಹೊಟ್ಟೆಯ ಮೇಲೆ ಹನ್ನೆರಡು ಉಬ್ಬು ಇರಬಹುದೇ?

ಪ್ರಶ್ನೆ (ಚಿತ್ರಕಲಾ ಶಿಕ್ಷಕ, ಕೊಪ್ಪಳ): ಡಾಕ್ಟರೇ, ನನ್ನ ಒಂಬತ್ತನೇ ತರಗತಿಯ ಹುಡುಗನೊಬ್ಬ ಕಾಮಿಕ್ಸ್ ನೋಡಿ ನೋಡಿ ತನ್ನದೇ ಸೂಪರ್‌ಹೀರೋ ಬಿಡಿಸಿದ್ದಾನೆ. ಗೆರೆ ಚೆನ್ನಾಗಿದೆ. ಆದರೆ ಹೊಟ್ಟೆಯ ಮೇಲೆ ಹನ್ನೆರಡು ಉಬ್ಬುಗಳಿವೆ, ಟೊಂಕ ಕುತ್ತಿಗೆಯಷ್ಟೇ ಇದೆ. ಎಲ್ಲೋ ತಪ್ಪಿದೆ ಎಂದು ಗೊತ್ತಾಗುತ್ತದೆ, ಬಿಡಿಸಿ ಹೇಳಲು ಬರುತ್ತಿಲ್ಲ.

ಉತ್ತರ (ಅಂಗರಚನಾಶಾಸ್ತ್ರ ಬೋಧಕಿ, ಬಳ್ಳಾರಿ): ಮಾಸ್ತರರೇ, ಮೊದಲು ಅವನ ಬೆನ್ನು ತಟ್ಟಿ. ಹೊಟ್ಟೆಯ ನಡುವೆ ಇರುವುದು ಪಕ್ಕೆಲುಬಿನಿಂದ ಕಿಬ್ಬೊಟ್ಟೆಯ ಕೆಳಗಿನ ಎಲುಬಿನವರೆಗೆ ಇಳಿದ ಎರಡು ಉದ್ದನೆಯ ಸ್ನಾಯುಗಳು. ಅವುಗಳಿಗೆ ಅಡ್ಡಲಾಗಿ ಗಟ್ಟಿ ನಾರಿನ ಪಟ್ಟಿಗಳಿವೆ, ಸಾಮಾನ್ಯವಾಗಿ ಮೂರು. ಒಂದು ಹೊಕ್ಕುಳಿನ ಮಟ್ಟದಲ್ಲಿ, ಉಳಿದವು ಅದರ ಮೇಲೆ. ಹಾಗಾಗಿ ಕಣ್ಣಿಗೆ ಕಾಣುವ ಉಬ್ಬು ಆರು, ಕೆಲವರಲ್ಲಿ ಎಂಟು. ಈ ಪಟ್ಟಿಗಳು ಹುಟ್ಟಿನಿಂದ ಬಂದವು. ಎಷ್ಟು ಬಸ್ಕಿ ಹೊಡೆದರೂ ಹೊಸದೊಂದು ಹುಟ್ಟುವುದಿಲ್ಲ. ಹೊಕ್ಕುಳಿನ ಕೆಳಗೆ ಹೆಚ್ಚುಕಡಿಮೆ ಸಪಾಟು.

ಟೊಂಕದ ವಿಷಯಕ್ಕೆ ಅವನನ್ನು ಜಾತ್ರೆಯ ಕುಸ್ತಿ ಕಣಕ್ಕೆ ಕರೆದೊಯ್ಯಿರಿ. ಎದುರಾಳಿಯನ್ನು ಎತ್ತಿ ಒಗೆಯುವ ಪೈಲ್ವಾನನ ನಡು ದಪ್ಪಗಿರುತ್ತದೆ. ಕಾಲಿನ ಬಲ ತೋಳಿಗೆ ಏರುವುದೇ ನಡುವಿನ ಮೂಲಕ. ಅಲ್ಲಿ ಸ್ನಾಯುವೇ ಇಲ್ಲದವನು ಬೆಟ್ಟ ಎತ್ತುವುದಿರಲಿ, ಜೋಳದ ಚೀಲವನ್ನೂ ಎತ್ತಲಾರ.

ಇನ್ನೊಂದು ತಪ್ಪನ್ನು ದೊಡ್ಡ ಕಲಾವಿದರೂ ಮಾಡುತ್ತಾರೆ. ಕೈ ಮೇಲೆತ್ತಿ ಹಾರುವಾಗ ತೋಳನ್ನು ಮಾತ್ರ ಎತ್ತಿ, ಹೆಗಲನ್ನು ಇದ್ದಲ್ಲೇ ಬಿಡುತ್ತಾರೆ. ತೋಳು 180 ಡಿಗ್ರಿ ಏರಬೇಕಾದರೆ ಸುಮಾರು 120 ಭುಜದ ಕೀಲಿನದು, ಉಳಿದ 60 ಬೆನ್ನ ಮೇಲಿನ ಹೆಗಲೆಲುಬು ತಿರುಗಿ ಕೊಡುವುದು. ಹುಡುಗ ಗೆಳೆಯನ ಬೆನ್ನಿನ ಮೇಲೆ ಅಂಗೈ ಇಟ್ಟು, ಅವನಿಗೆ ಕೈ ಎತ್ತಲು ಹೇಳಲಿ. ಎಲುಬು ಜಾರುವುದು ತಿಳಿಯುತ್ತದೆ.

ಪ್ರಶ್ನೆ (ಕಾಲೇಜು ವಿದ್ಯಾರ್ಥಿನಿ, ರಾಯಚೂರು): ಮೇಡಂ, ನಾಯಕಿಯರ ಎದೆ ಮತ್ತು ಪೃಷ್ಠ ಎರಡೂ ಓದುಗನ ಕಡೆಗೇ ತಿರುಗಿರುತ್ತವಲ್ಲ, ಅದು ಸಾಧ್ಯವೇ?

ಉತ್ತರ: ಇಲ್ಲಮ್ಮಾ. ಬೆನ್ನೆಲುಬಿನಲ್ಲಿ ಸೊಂಟದ ಭಾಗದ ಐದು ಮಣಿಗಳ ಕೀಲುಗಳು ಬಾಗಲು ಮತ್ತು ಏಳಲು ಇರುವವು. ತಿರುಚಲು ಕೊಡುವುದು ಬಹಳ ಕಡಿಮೆ. ಮುಂಡ ತಿರುಗುವುದು ಹೆಚ್ಚಾಗಿ ಎದೆಯ ಭಾಗದ ಮಣಿಗಳಿಂದ, ಅದಕ್ಕೂ ಮಿತಿ ಇದೆ. ಚಿತ್ರದಲ್ಲಿರುವಷ್ಟು ತಿರುಚಿದರೆ ಆಕೆಯನ್ನು ನೇರವಾಗಿ ಶಸ್ತ್ರಚಿಕಿತ್ಸೆಗೆ ಒಯ್ಯಬೇಕಾಗುತ್ತದೆ. ಆ ಹಿಡಿಯಷ್ಟು ಸೊಂಟದಲ್ಲಿ ಸುಮಾರು ಆರು ಮೀಟರ್ ಉದ್ದದ ಸಣ್ಣ ಕರುಳು ಎಲ್ಲಿರಬೇಕು? ಅಂತಹ ಚಿತ್ರ ನೋಡಿ ಹುಡುಗಿಯರು ಊಟ ಬಿಡುವುದು ನನಗೆ ನಿಜಕ್ಕೂ ನೋವು ತರುತ್ತದೆ.

ಶಿಕ್ಷಕ: ಒಂದು ಸಂಶಯ. ನಮ್ಮ ತೊಗಲುಗೊಂಬೆಯ ಹನುಮಂತನ ಮುಖ ಪಕ್ಕಕ್ಕೆ, ಎದೆ ಎದುರಿಗೆ. ಅದೂ ತಪ್ಪೇ?

ಉತ್ತರ: ಅದನ್ನು ನಾನು ತಪ್ಪೆಂದು ಎಣಿಸುವುದಿಲ್ಲ. ಗೊಂಬೆ ಸ್ನಾಯು ತೋರಿಸುತ್ತೇನೆ ಎಂದು ಹೇಳುವುದೇ ಇಲ್ಲ. ಕಾಮಿಕ್ಸ್ ಒಂದೊಂದು ಎಳೆಯನ್ನೂ ಬರೆದು ಇದು ನಿಜವಾದ ದೇಹವೆನ್ನುತ್ತದೆ, ಆದ್ದರಿಂದಲೇ ಲೆಕ್ಕ ಕೇಳಬೇಕಾಗುತ್ತದೆ. ಗೊಂಬೆಯಲ್ಲಿ ದಾರ ಕಟ್ಟಿದ ಜಾಗ ಗಮನಿಸಿ: ಭುಜ, ಮೊಣಕೈ. ಕೀಲು ತಪ್ಪಿದರೆ ಕೈ ಆಡುವುದಿಲ್ಲ ಎಂದು ಗೊಂಬೆಯವರಿಗೆ ಚೆನ್ನಾಗಿ ಗೊತ್ತು.

ನಿಮ್ಮ ಹುಡುಗನೂ ತನ್ನ ಹೀರೋನನ್ನು ರಟ್ಟಿನಲ್ಲಿ ಕತ್ತರಿಸಿ, ಕೀಲಿಗೆ ದಾರ ಹಾಕಿ ಆಡಿಸಲಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ನೋಡಿ, ಫೋಟೋ ಕಳುಹಿಸಿ. ಮುಂದಿನದನ್ನು ಅಲ್ಲಿಂದ ಹೇಳುತ್ತೇನೆ.